ತಮ್ಮಯ್ಯನ ರುಜು

ನಮ್ಮ ಕೆಂಚನಕೊಪ್ಪಲಿನಲ್ಲಿ ಓದು ಬರಹ ಬಲ್ಲವರು ಎಷ್ಟು ಜನ ಎಂದು ಕೇಳಿದರೆ ಹೇಳುವುದು ಕಷ್ಟ. ರುಜು ಹಾಕಬಲ್ಲವರು ಎಷ್ಟು ಜನ ಎಂದರೆ ಮಾತ್ರ ಸುಲಭ. ಒಬ್ಬನೇ. ಅವನು ತಮ್ಮಯ್ಯ. ಮಿಕ್ಕವರು ಹೆಬ್ಬೆಟ್ಟು ಒತ್ತುತ್ತಿದ್ದರು, ಇಲ್ಲವೇ ಕಾಗದದ ಮೇಲೆ ತಮ್ಮ ಹೆಸರು ಬರೆಯುತ್ತಿದ್ದರು, ಅಷ್ಟೆ.

ತಮ್ಮಯ್ಯನ ರುಜು ನೋಡಿದವರಿಗೇ ಗೊತ್ತು. ‘ತ’ ಅಕ್ಷರ ಶುರುವಾದದ್ದು ಎಲ್ಲೋ ಮೇಲೆ ಹೋಗಿ, ಒಂದು ಸುತ್ತು ಹಾಕಿ, ಮಿಕ್ಕ ಅಕ್ಷರಗಳನ್ನೆಲ್ಲ ತನ್ನ ತೆಕ್ಕೆಗೆ ತೆಗೆದುಕೊಂಡು, ಕೆಳಗೆ ಎರಡು ಗೆರೆ ಎಳೆಸಿಕೊಂಡು, ಮೂರು ಚುಕ್ಕಿ ಇಡಿಸಿಕೊಂಡು ನಿಲ್ಲುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಪಕ್ಕದಲ್ಲಿಟ್ಟ ಟೀ ಕೆನೆ ಕಟ್ಟಿರುತ್ತಿತ್ತು. ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತಾಗ ಇದೊಂದನ್ನೇ ಅಭ್ಯಾಸ ಮಾಡಿದ್ದು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದು ಕೈಕೊಟ್ಟರೆ ಇನ್ನೊಂದು ಬೇಕಲ್ಲ. ಎರಡೆಕರೆ ಗದ್ದೆ, ಒಂದು ಎಮ್ಮೆ, ಈ ರುಜು, ಇಷ್ಟು ಅವನ ಆಸ್ತಿ.

ಹೀಗಾಗಿ ಊರಿನಲ್ಲಿ ಎಲ್ಲೇ ಮಹಜರು ನಡೆದರೂ ಒಂದನೇ ರುಜು ತಮ್ಮಯ್ಯನದು. ಹುಲ್ಲಿನ ಮೆದೆಗೆ ಬೆಂಕಿ ಬೀಳಲಿ, ಪಂಪ್‌ಸೆಟ್ಟಿನ ಮೋಟಾರು ಕಳುವಾಗಲಿ, ಅಧಿಕಾರಿಗಳು ಜಾಗಕ್ಕೆ ಬಂದು, ಕಂಡದ್ದನ್ನು ಬರೆದು, ಊರಿನವರ ರುಜು ಪಡೆದುಕೊಂಡು ಹೋಗುವ ಕಾಗದವೇ ಮಹಜರು. ರುಜು ಹಾಕಿದವರಿಗೆ ಪಂಚರು ಎಂದು ಹೆಸರು. ಆ ಕಾಗದದಲ್ಲಿ ಏನು ಬರೆದಿದೆ ಎಂದು ತಮ್ಮಯ್ಯ ಎಂದೂ ನೋಡಿದವನಲ್ಲ. ಕೆಳಗಡೆ ಜಾಗ ಎಷ್ಟು ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ನೋಡುತ್ತಿದ್ದ. ಜಾಗ ಕಡಿಮೆಯಿದ್ದರೆ ಮುನಿಸಿಕೊಳ್ಳುತ್ತಿದ್ದ.

ತೊಂಬತ್ತಾರನೇ ಇಸವಿ. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ಬೆಳಿಗ್ಗೆ ಸೋಮಮ್ಮನ ಹೋಟೆಲಿನ ಬೆಂಚಿನ ಮೇಲೆ ತಮ್ಮಯ್ಯನೂ ನಾನೂ ಕೂತಿದ್ದೆವು. ನಾನು ಊರಿನ ಪೋಸ್ಟ್‌ಮಾಸ್ಟರು, ಊರಿನವರ ಬಾಯಲ್ಲಿ ಮೇಷ್ಟ್ರು. ನನ್ನ ಮನೆಯ ಜಗಲಿಯೇ ಪೋಸ್ಟಾಫೀಸು. ಟಪಾಲು ಬರುವುದು ಹನ್ನೊಂದಕ್ಕೆ. ಆದ್ದರಿಂದ ಹನ್ನೊಂದರವರೆಗೆ ನನ್ನ ಕಾರ್ಯಕ್ಷೇತ್ರ ಸೋಮಮ್ಮನ ಬೆಂಚು. ಚಿನಕುರಳಿ ಕಡೆಯಿಂದ ಒಂದು ಜೀಪು ಬಂದು ನಿಂತಿತು. ಫೈಲು ಹಿಡಿದವನೊಬ್ಬ, ಸಫಾರಿ ತೊಟ್ಟವನೊಬ್ಬ ಇಳಿದರು.

“ತಮ್ಮಯ್ಯನವರು ಅಂದ್ರೆ ತಾವೇನಾ?” ಎಂದ ಸಫಾರಿಯವನು.

ತಮ್ಮಯ್ಯನನ್ನು ಜೀವಮಾನದಲ್ಲಿ ಮೊದಲ ಸಲ ಯಾರೋ ‘ತಾವು’ ಎಂದಿದ್ದರು. ಬಾಯಲ್ಲಿದ್ದ ವಡೆಯನ್ನು ಒಂದು ಕೆನ್ನೆಗೆ ತಳ್ಳಿ, “ಔದು” ಎಂದ.

“ನಿಮ್ಮ ರುಜು ಬಗ್ಗೆ ಬಹಳ ಕೇಳಿದ್ದೀವಿ. ಈ ಮಹಜರಿಗೆ ಒಂದು ಬೇಕಾಗಿತ್ತು. ಜಾಗ ಧಾರಾಳವಾಗಿ ಬಿಟ್ಟಿದ್ದೀವಿ, ನೋಡಿ.”

ಅರ್ಧ ಪುಟ ಖಾಲಿ ಬಿಟ್ಟಿದ್ದರು. ಅಷ್ಟು ಜಾಗ ಕಂಡ ಮೇಲೆ ತಮ್ಮಯ್ಯನನ್ನು ತಡೆಯುವ ಶಕ್ತಿ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ. ಕೈಯನ್ನು ಪಂಚೆಗೆ ಒರೆಸಿಕೊಂಡು, ಎರಡು ಪೆನ್ನುಗಳಲ್ಲಿ ಒಳ್ಳೆಯದನ್ನು ಆರಿಸಿ, ಉಸಿರು ಹಿಡಿದು ಶುರು ಮಾಡಿದ. ಸೋಮಮ್ಮ ಕೂಡ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿ, ಅದು ಮುಗಿದೊಡನೆ ಒಲೆಯ ಕಡೆ ಹೋದಳು.

“ಇನ್ನೊಬ್ಬರು ಬೇಕಲ್ಲ,” ಎಂದು ಫೈಲಿನವನು ಸುತ್ತಮುತ್ತ ಕಣ್ಣಾಡಿಸಿದ. ಬೆಂಚಿನ ಮೇಲೆ ಇನ್ನೊಬ್ಬರು ಇದ್ದರು. ಅವರೂ ಹಾಕಿದರು. ಆ ಇನ್ನೊಬ್ಬರು ಯಾರು ಎಂದು ಕೇಳಬೇಡಿ. ಹನ್ನೊಂದರವರೆಗೆ ಆ ಬೆಂಚು ಯಾರ ಕಾರ್ಯಕ್ಷೇತ್ರ ಎಂದು ಆಗಲೇ ಹೇಳಿದ್ದೇನೆ. ವಡೆಯ ದುಡ್ಡನ್ನು ಸಫಾರಿಯವನೇ ಕೊಟ್ಟು ಹೋದ.

ಊರಿನ ಬಡಗಲಿಗೆ ಒಂದು ಹಾಸುಬಂಡೆ ಇದೆ. ಮೂರು ನಾಲ್ಕು ಎಕರೆ ಅಗಲಕ್ಕೆ ಚಪ್ಪಟೆಯಾಗಿ ಮಲಗಿಕೊಂಡಿದೆ. ಸರ್ಕಾರದ ಲೆಕ್ಕದಲ್ಲಿ ಅದು ಸಾಗುವಳಿಗೆ ಬಾರದ ಖರಾಬು, ನಮ್ಮ ಲೆಕ್ಕದಲ್ಲಿ ಊರಿನ ಅಂಗಳ. ಹುರುಳಿ ಬಡಿಯುವುದು ಅಲ್ಲಿ, ರಾಗಿ ಒಣಗಿಸುವುದು ಅಲ್ಲಿ. ಬೇಸಿಗೆ ಬಂತೆಂದರೆ ಊರಿನ ಹೆಂಗಸರೆಲ್ಲ ಅದರ ಮೇಲೆ ಸಂಡಿಗೆ ಹಾಕುತ್ತಾರೆ. ತಮ್ಮಯ್ಯನ ಹೆಂಡತಿ ಬೆಟ್ಟಮ್ಮನದು ಅದರಲ್ಲಿ ಎತ್ತಿದ ಕೈ. ಅವಳ ಸಂಡಿಗೆ ಮೇಲುಕೋಟೆಯ ಅಂಗಡಿಗಳವರೆಗೂ ಹೋಗುತ್ತದೆ. ಮನೆ ನಡೆಯುವುದು ಎರಡೆಕರೆಯಿಂದಲ್ಲ, ಆ ಸಂಡಿಗೆಯಿಂದ. ಬಂಡೆಯ ಒಂದು ಅಂಚಿನಲ್ಲಿ ನರಸಯ್ಯ ಉಳಿ ಸುತ್ತಿಗೆ ಹಿಡಿದು ಒರಳು, ಗುಂಡುಕಲ್ಲು ಕೆತ್ತುತ್ತಾನೆ. ಅವನಪ್ಪನೂ ಅಲ್ಲೇ ಕೂತು ಕೆತ್ತಿದ್ದು. ನಡುವೆ ಒಂದು ದೊಣೆ, ಅಂದರೆ ಬಂಡೆಯಲ್ಲೇ ಆದ ಗುಂಡಿ. ಅದರಲ್ಲಿ ನಿಂತ ಮಳೆನೀರು ಯುಗಾದಿಯವರೆಗೂ ಊರಿನ ಕುರಿಗಳಿಗೆ ಸಾಕಾಗುತ್ತದೆ.

ಜೀಪು ಹೋದ ಎಂಟನೇ ದಿನ ಒಂದು ಲಾರಿ ಬಂತು. ನಾಲ್ಕು ಜನ ಇಳಿದು ಬಂಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ಬೆಟ್ಟಮ್ಮ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

“ಯಾರಪ್ಪಾ ನೀವು? ಸಂಡಿಗೆ ತುಳೀಬ್ಯಾಡಿ, ಪಕ್ಕಕ್ಕೆ ಬನ್ನಿ.”

“ನೀವೇ ಎತ್ಕೊಳ್ಳಿ ಅವ್ವ. ಇಲ್ಲಿ ಕ್ವಾರಿ ಬತ್ತದೆ. ಸಿಡಿಮದ್ದು ಇಟ್ರೆ ನಿಮ್ ಸಂಡಿಗೆ ಮೈಸೂರ್‌ಗಂಟ ಓಯ್ತದೆ.”

“ಯಾರ್ನ ಕೇಳಿ ಬಂದ್ರಿ?”

“ನಿಮ್ಮೂರವ್ರೇ ಬರ್ಕೊಟ್ಟವ್ರೆ ಕಣವ್ವ. ತಕಳಿ, ಜೆರಾಕ್ಸು.”

ನರಸಯ್ಯ ಉಳಿ ಕೆಳಗಿಟ್ಟು ಬಂದ. ಅವನಿಗೂ ಓದು ಬಾರದು, ಬೆಟ್ಟಮ್ಮನಿಗೂ ಬಾರದು. ಆದ್ದರಿಂದ ಓದು ಬಲ್ಲವರೊಬ್ಬರನ್ನು ಕರೆದು ತಂದರು. ನನ್ನನ್ನು.

ಅರ್ಧ ಊರು ಸುತ್ತ ನಿಂತಿತ್ತು. ನಾನು ಗಂಟಲು ಸರಿಮಾಡಿಕೊಂಡು ಓದಿದೆ: “ಸದರಿ ಬಂಡೆಯು ಪಾಳುಬಿದ್ದಿದ್ದು, ಗ್ರಾಮಸ್ಥರು ಯಾರೂ ಯಾವುದೇ ರೀತಿಯಲ್ಲಿ ಉಪಯೋಗಿಸುತ್ತಿರುವುದಿಲ್ಲ. ಇಲ್ಲಿ ಕಲ್ಲುಗಣಿ ನಡೆಸಲು ಗುತ್ತಿಗೆ ನೀಡಲು ಗ್ರಾಮಸ್ಥರ ಆಕ್ಷೇಪಣೆ ಇರುವುದಿಲ್ಲ. ಪಂಚರ ಸಮಕ್ಷಮ ಸ್ಥಳದಲ್ಲಿ ಓದಿ ಹೇಳಲಾಗಿದೆ.” ಕೆಳಗೆ ಅರ್ಧ ಪುಟದ ತುಂಬ ತಮ್ಮಯ್ಯನ ರುಜು ಮೆರೆಯುತ್ತಿತ್ತು. ಅದನ್ನು ನಾನು ಓದಬೇಕಾಗಿರಲಿಲ್ಲ. ಹಿಂದೆ ನಿಂತವರಿಗೂ ಕಂಡಿತು.

“ಅದರ ಕೆಳಗೆ ಇನ್ನೊಂದು ಐತಲ್ಲ ಮೇಷ್ಟ್ರೇ, ಸಣ್ಣದು? ಅದ್ಯಾರ್ದು?” ಎಂದು ನರಸಯ್ಯ ಬಗ್ಗಿದ.

“ಓದಲಿಕ್ಕೆ ಆಗುತ್ತಿಲ್ಲ,” ಎಂದೆ. ಸುಳ್ಳು ಹೇಳಲಿಲ್ಲ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಕೆಟ್ಟ ಅಕ್ಷರಕ್ಕಾಗಿ ಸ್ಕೂಲಿನಲ್ಲಿ ಏಟು ತಿಂದವನು ನಾನು. ಅದರಿಂದ ಇಷ್ಟು ಉಪಕಾರವಾಗುವುದೆಂದು ಆಗ ಗೊತ್ತಿರಲಿಲ್ಲ.

ಬೆಟ್ಟಮ್ಮ ಆ ರುಜುವನ್ನೇ ನೋಡಿದಳು. ಆಮೇಲೆ ಒಂದೂ ಮಾತಾಡದೆ ಮನೆಯ ಕಡೆ ನಡೆದಳು. ಅವಳು ಮಾತಾಡದೆ ನಡೆದದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ.

“ನಾನೇನ್ ಬಂಡೆ ಮಾರ್‍ಕಂಡ್ನಾ? ಬರೀ ರುಜು ಆಕ್ದೆ!” ಎಂದು ತಮ್ಮಯ್ಯ ಬಾಗಿಲಲ್ಲಿ ನಿಂತು ಕೂಗಿದ. ಅವತ್ತಿನಿಂದ ಬೆಟ್ಟಮ್ಮ ಗಂಡನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಎಮ್ಮೆಗೆ ಹೇಳುತ್ತಿದ್ದಳು. “ಮುದ್ದೆ ಆಗದೆ ಕಣೇ, ಉಣ್ಣೋರು ಉಣ್ಲಿ” ಎನ್ನುತ್ತಿದ್ದಳು. ಎಮ್ಮೆ ತಮ್ಮಯ್ಯನ ಮುಖ ನೋಡುತ್ತಿತ್ತು.

ಮಾರನೆಯ ದಿನ ತಮ್ಮಯ್ಯ ಸೋಮಮ್ಮನ ಹೋಟೆಲಿನ ಮುಂದೆ ಎದೆಯುಬ್ಬಿಸಿ ನಿಂತು, “ಅದು ನನ್ ರುಜುವೇ ಅಲ್ಲ. ಯಾರೋ ನನ್ನಂಗೆ ಗೀಚವ್ರೆ,” ಎಂದು ಘೋಷಿಸಿದ. ಇದರಿಂದ ಎಲ್ಲವೂ ಸರಿಹೋಗುತ್ತದೆಂದು ಅವನ ಎಣಿಕೆ. ಆದರೆ ಹದಿನೈದು ವರ್ಷ ಊರಿನ ಸಕಲ ಕಾಗದಗಳಿಗೂ ಸಾಕ್ಷಿ ಹಾಕಿದ್ದವನು ಅವನೊಬ್ಬನೇ ಎಂಬುದನ್ನು ಮರೆತಿದ್ದ.

ಮೊದಲು ಓಡಿ ಬಂದವನು ಚಿಕ್ಕಸ್ವಾಮಿ. ಕೈಯಲ್ಲಿ ಅಣ್ಣತಮ್ಮಂದಿರ ಪಾಲುಪತ್ರ. “ಲೇ ತಮ್ಮಯ್ಯ, ಇದೂ ನಿಂದಲ್ವೇನ್ಲಾ? ಸುದ್ದಿ ಕೇಳಿ ನನ್ ತಮ್ಮ ಆಗ್ಲೇ ನನ್ ಹುಣಸೆಮರ ತಬ್ಕೊಂಡು ನಿಂತವ್ನೆ. ಪಾಲು ಸುಳ್ಳು, ಮತ್ತೆ ಮಾಡು ಅಂತಾವ್ನೆ!”

ಅವನ ಹಿಂದೆಯೇ ಸಿದ್ದಲಿಂಗಮ್ಮ ಬಂದಳು. “ನಮ್ ಚಿಕ್ಕ ಸೊಸೆ ಮದ್ವೆ ರಿಜಿಸ್ಟ್ರಿಗೂ ನೀನೇ ಅಲ್ವೇನಪ್ಪಾ ಸಾಕ್ಷಿ? ಅದೂ ನಿನ್ ರುಜು ಅಲ್ವಾ? ಅಂಗಾರೆ ಆ ಮದ್ವೆ ಆಗೇ ಇಲ್ವಾ?” ಅವಳ ದನಿಯಲ್ಲಿ ಆತಂಕವಿರಲಿಲ್ಲ, ಆಸೆಯಿತ್ತು.

ನರಸಯ್ಯ ತಮ್ಮಯ್ಯನ ಕೈ ಹಿಡಿದುಕೊಂಡು ಸ್ಕೂಲಿನ ಮುಂದಕ್ಕೆ ಕರೆದೊಯ್ದ. ಅಲ್ಲಿ ತಮ್ಮಯ್ಯ ದಾನ ಕೊಟ್ಟ ಕಲ್ಲುಬೆಂಚಿದೆ. ಹೆಸರು ಕೆತ್ತಿದರೆ ಸಾಲದು, ರುಜುವನ್ನೇ ಕೆತ್ತಬೇಕೆಂದು ಮೂರು ದಿನ ಪಕ್ಕದಲ್ಲಿ ಕೂತು ಸುತ್ತುಗಳನ್ನೆಲ್ಲ ಕೆತ್ತಿಸಿದ್ದ. ಜೆರಾಕ್ಸನ್ನು ಪಕ್ಕದಲ್ಲಿಟ್ಟು ನೋಡಿದರು. ಒಂದು ಚುಕ್ಕಿಯೂ ಹೆಚ್ಚು ಕಡಿಮೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಮ್ಮಯ್ಯ, “ಆಯ್ತು, ನಂದೇ ಕಣ್ರಪ್ಪಾ, ಎಲ್ಲಾ ರುಜೂನೂ ನಂದೇ,” ಎಂದು ಒಪ್ಪಿಕೊಂಡ. ಚಿಕ್ಕಸ್ವಾಮಿಯ ತಮ್ಮ ಹುಣಸೆಮರ ಬಿಟ್ಟ. ಸಿದ್ದಲಿಂಗಮ್ಮ ನಿರಾಶೆಯಿಂದ ಮನೆಗೆ ಹೋದಳು.

ಸಂಜೆ ಅವನು ನನ್ನ ಜಗಲಿಗೆ ಬಂದ.

“ಮೇಷ್ಟ್ರೇ, ಆಕಿದ್ ರುಜು ವಾಪಸ್ ಇಸ್ಕೊಳಾಕೆ ಆಯ್ತದಾ?”

“ನಮ್ಮ ಇಲಾಖೆಯಲ್ಲಿ ಡಬ್ಬಕ್ಕೆ ಹಾಕಿದ ಕಾರ್ಡೇ ವಾಪಸು ಬರುವುದಿಲ್ಲ ಮಾರಾಯ.”

“ಬರ್ದು ಕೇಳಾಕೇನು ಅಡ್ಡಿ? ಒಂದು ಕವರ್ ಕೊಡಿ.” ಕವರು ತೆಗೆದುಕೊಂಡು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದ. “ನಿಮ್ ವಿಸ್ಯ ನಾನ್ ಯಾರ್ಗೂ ಏಳಾಕಿಲ್ಲ ಬುಡಿ. ಬೈಸ್ಕೊಳಾಕೆ ಒಬ್ಬ ಸಾಕು.”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಎದ್ದು ಊರಿಗೆಲ್ಲ ನಿಜ ಹೇಳಿಬಿಡಬೇಕಾಗಿತ್ತು. ಹೇಳಲಿಲ್ಲ. ಅವನು ಅಲ್ಲೇ ಕೂತು ಬರೆದದ್ದನ್ನು ಓದಿ, ಅಂಟು ಹಚ್ಚಿ ಕವರು ಮುಚ್ಚಿಕೊಟ್ಟೆ.

ಅವನು ಬರೆದ ಅರ್ಜಿ ಹೀಗಿತ್ತು: “ಸ್ವಾಮಿಯವರಲ್ಲಿ ವಿಜ್ಞಾಪನೆ. ನಾನು ವಡೆ ತಿನ್ನುತ್ತಿದ್ದ ಸಮಯದಲ್ಲಿ ನನ್ನ ರುಜು ನನ್ನಿಂದ ಹೋಗಿರುತ್ತದೆ. ಸದರಿ ಬಂಡೆಯ ಮೇಲೆ ನನ್ನ ಹೆಂಡತಿಯ ಸಂಡಿಗೆ ಇರುತ್ತದೆ. ನರಸಯ್ಯನ ಒರಳು ಇರುತ್ತದೆ. ಕುರಿಗಳ ನೀರು ಇರುತ್ತದೆ. ಆದ್ದರಿಂದ ದಯಮಾಡಿ ನನ್ನ ರುಜುವನ್ನು ವಾಪಸು ಕಳಿಸಿಕೊಡಬೇಕಾಗಿ ಪ್ರಾರ್ಥನೆ.” ಕೆಳಗೆ ರುಜು ಹಾಕಿದ್ದ, ಇನ್ನೂ ದೊಡ್ಡದಾಗಿ. ಈಗ ಅವರ ಬಳಿ ಎರಡಾದವು ಎಂದು ನಾನು ಅಂದುಕೊಂಡೆ.

ಏಳನೇ ದಿನಕ್ಕೆ ಉತ್ತರ ಬಂತು. ಸರ್ಕಾರಿ ಕಾಗದ ಅಷ್ಟು ಬೇಗ ಬಂದದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ. ತಾಲ್ಲೂಕು ಕಚೇರಿಗೆ ಪ್ರಮೀಳಾ ಎಂಬ ಹೊಸ ಅಧಿಕಾರಿ ಬಂದಿದ್ದರಂತೆ. ಹೊಸಬರಾದ್ದರಿಂದ ಟಪಾಲನ್ನು ತಾವೇ ಒಡೆದು ಓದುತ್ತಿದ್ದರಂತೆ. ‘ನಿಮ್ಮ ತಕರಾರು ಅರ್ಜಿ ಸ್ವೀಕೃತವಾಗಿದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಂಡೆಯ ಮೇಲೆಯೇ ಸ್ಥಳ ವಿಚಾರಣೆ ನಡೆಸಲಾಗುವುದು. ಅಲ್ಲಿಯವರೆಗೆ ಯಾರೂ ಯಾವುದೇ ಕೆಲಸ ನಡೆಸತಕ್ಕದ್ದಲ್ಲ’ ಎಂದಿತ್ತು. ಲಾರಿ ವಾಪಸು ಹೋಯಿತು. ಸಂಡಿಗೆಯ ಆಸೆ ಬಿಟ್ಟವರು ಮತ್ತೆ ಬಂಡೆ ಹತ್ತಿದರು. ಇದಕ್ಕೆ ಊರು ತಮ್ಮಯ್ಯನನ್ನು ಹೆಗಲ ಮೇಲೆ ಹೊರಬೇಕಾಗಿತ್ತು.

ಆದರೆ ‘ವಿಚಾರಣೆ’ ಎಂಬ ಮಾತು ಎಲ್ಲರನ್ನೂ ಹೆದರಿಸಿತು.

“ವಿಚಾರಣೆ ಅಂದ್ರೆ ಜೈಲಿಗೆ ಆಕೋ ಮುಂಚೆ ಮಾಡ್ತಾರಲ್ಲ, ಅದು,” ಎಂದು ಸೋಮಮ್ಮ ವಡೆ ತಿರುವಿ ಹಾಕುತ್ತ ತೀರ್ಪು ಕೊಟ್ಟಳು. “ಸುಮ್ನಿರೋದ್ ಬುಟ್ಟು ಕಾಗ್ದ ಬರ್ದು ಅವ್ರಿಗೆ ಅಡ್ರೆಸ್ ಬೇರೆ ಕೊಟ್ಟವ್ನೆ.”

ಜೈಲಿನಲ್ಲಿ ಯಾವ ಊಟ ಕೊಡುತ್ತಾರೆ ಎಂದು ಚಿಕ್ಕಸ್ವಾಮಿ ವಿವರಿಸಿದ. ಅವನೆಂದೂ ಹೋಗಿರಲಿಲ್ಲ, ಆದರೂ ಬಹಳ ವಿವರವಾಗಿ ಹೇಳಿದ. ತಮ್ಮಯ್ಯ ಮಂಗಳವಾರ ಬೆಳಗಿನ ಬಸ್ಸಿಗೇ ಕೆ.ಆರ್. ಪೇಟೆಗೆ ಓಡಿದ. ಅಲ್ಲಿ ಬೆಟ್ಟಮ್ಮನ ತಮ್ಮ ಚಲುವರಾಜು ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದ. ಮುಂದಿನದನ್ನು ತಮ್ಮಯ್ಯನೇ ಆಮೇಲೆ ನನಗೆ ಹೇಳಿದ್ದು.

ಚಲುವರಾಜು ಜೆರಾಕ್ಸನ್ನು ಬೆಳಕಿಗೆ ಹಿಡಿದು ನೋಡಿ, “ಭಾವ, ಒಂದೇ ದಾರಿ. ಓದಾಕೆ ಬರಾಕಿಲ್ಲ ಅಂದ್ಬುಡಿ,” ಎಂದ. “ಓದು ಬರ್ದೋರ್ಗೆ ಓದಿ ಏಳ್ದೆ ರುಜು ಇಸ್ಕೊಂಡಿದ್ರೆ ಕಾಗ್ದ ಬಿದ್ದೋಯ್ತದೆ. ಆದ್ರೆ ಈಗ್ನಿಂದ್ಲೇ ಅಭ್ಯಾಸ ಮಾಡ್ಕಳಿ. ನಾಳೆ ಅಲ್ಲಿ ಮರ್ತು ಒಂದಕ್ಸರ ಓದ್ಬುಟ್ರೆ ಮುಗೀತು.”

ಅಭ್ಯಾಸ ಎಂದರೆ ತಮ್ಮಯ್ಯನಿಗೆ ಹೊಸದಲ್ಲ. ಬಸ್‌ಸ್ಟ್ಯಾಂಡಿಗೆ ಬಂದವನು ಒಂದೂ ಬೋರ್ಡಿನ ಕಡೆ ಕಣ್ಣೆತ್ತಲಿಲ್ಲ. ನೆಲ ನೋಡಿಕೊಂಡೇ ಪಕ್ಕದಲ್ಲಿದ್ದವನನ್ನು, “ಅಣ್ಣೋ, ಇದು ಪಾಂಡವಪುರದ್ ಕಡೆ ಓಯ್ತದಾ? ನಂಗೆ ಓದಾಕೆ ಬರಾಕಿಲ್ಲ,” ಎಂದು ಕೇಳಿದ. ಪಾಪ, ಅವನಿಗೂ ಬರುತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, “ಓಯ್ತದೆ, ಅತ್ತಿ ಅತ್ತಿ,” ಎಂದ. ತಮ್ಮಯ್ಯ ಹತ್ತಿದ. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರು ಅವನ ಬಳಿ ಬರುವ ಹೊತ್ತಿಗೆ ಕಿಕ್ಕೇರಿ ದಾಟಿತ್ತು.

“ಪಾಂಡವಪುರಕ್ಕಾ? ಇದು ಬಿಂಡಿಗನವಿಲೆ ಬಸ್ಸು ಕಣ್ರೀ! ಬೋರ್ಡ್ ಕಾಣಿಸ್ಲಿಲ್ವಾ?”

“ನಂಗೆ ಓದಾಕೆ ಬರಾಕಿಲ್ಲ,” ಎಂದ ತಮ್ಮಯ್ಯ, ಪಾಠ ಒಪ್ಪಿಸುವ ಹುಮ್ಮಸ್ಸಿನಲ್ಲಿ.

ಕಂಡಕ್ಟರು ಅವನ ಜೇಬು ನೋಡಿದ. “ಮತ್ತೆ ಎಲ್ಡು ಪೆನ್ನು ಯಾಕೆ? ಕಿವಿ ಕೆರ್ಕಳಾಕಾ?”

ಪಕ್ಕದ ಸೀಟಿನಲ್ಲಿ ದೊಡ್ಡತಾಯಮ್ಮ ಎಂಬ ಮುದುಕಿ ಕೂತಿದ್ದಳು. ಬಿಂಡಿಗನವಿಲೆಯವಳು, ಹೊಲದ ಖಾತೆಯ ಕೆಲಸಕ್ಕೆ ಬಂದು ವಾಪಸು ಹೋಗುತ್ತಿದ್ದಳು. ಹೆಬ್ಬೆರಳಲ್ಲಿ ಮಸಿ ಇನ್ನೂ ಹಸಿಯಾಗಿತ್ತು. ತಮ್ಮಯ್ಯನಿಗೆ ಅಭ್ಯಾಸ ಮುಂದುವರಿಸಲು ಒಳ್ಳೆಯ ಜೋಡಿ ಸಿಕ್ಕಿತು.

“ನಮ್ಮಂಥ ಓದು ಬರ್ದೋರ್ ಪಾಡು ಇಷ್ಟೇ ಅಲ್ವಾ ಅವ್ವ? ಏನ್ ಬರ್ದವ್ರೋ ಏನೋ, ಒತ್ತು ಅಂದ್ರೆ ಒತ್ತೋದು.”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀ ಒತ್ತೀಯೇನೋ. ನಾ ಒತ್ತಾಕಿಲ್ಲ. ಇವತ್ತು ಆ ಗುಮಾಸ್ತನ್ ಕೈಲಿ ಮೊದ್ಲಿಂದ ಕೊನೆಗಂಟ ಓದಿಸ್ದೆ. ಆಮೇಲೆ ಆಚೆ ಅರ್ಜಿ ಬರ್ಯೋನ್ ಕೂತಿದ್ನಲ್ಲ, ಅವ್ನ್ ಕೈಲೂ ಓದಿಸ್ದೆ. ಇಬ್ರೂ ಒಂದೇ ತರ ಓದುದ್ರು. ಆಗ ಒತ್ದೆ. ಓದು ಬರ್ದೋರ್ಗೆ ಭಯ ಇರ್ತದೆ ಕಣಪ್ಪ. ಭಯ ಇಲ್ದೆ ಒತ್ತೋರು ಓದು ಬಂದೋರೇ.”

ತಮ್ಮಯ್ಯ ಬಿಂಡಿಗನವಿಲೆಯಲ್ಲಿ ಇಳಿದನಂತೆ. ಅಲ್ಲಿಂದ ಎರಡು ಬಸ್ಸು ಬದಲಾಯಿಸಿ ಊರಿಗೆ ಬರುವಾಗ ದಾರಿಯುದ್ದಕ್ಕೂ ಕಂಡ ಬೋರ್ಡನ್ನೆಲ್ಲ ಓದಿಕೊಂಡು ಬಂದನಂತೆ. ಬಸ್ಸಿನೊಳಗೆ ‘ಉಗುಳಬಾರದು’ ಎಂದಿದ್ದದ್ದನ್ನೂ ಬಿಡಲಿಲ್ಲವಂತೆ.

ಬುಧವಾರ ಪ್ರಮೀಳಾ ಮೇಡಂ ಹೇಳಿದ ಹೊತ್ತಿಗೇ ಬಂದರು. ಜೊತೆಗೆ ಒಬ್ಬ ಹೊಸ ಗುಮಾಸ್ತ. ಗುತ್ತಿಗೆ ಕೇಳಿದ್ದ ಸಫಾರಿಯವನೂ ಬಂದಿದ್ದ. ಚಲುವರಾಜು ಭಾವನ ಕೇಸು ನೋಡಲು ಕೆ.ಆರ್. ಪೇಟೆಯಿಂದ ಬಂದು ಹಿಂದೆ ನಿಂತಿದ್ದ. ಅವತ್ತು ಬಿಸಿಲು ಬಹಳ ಚೆನ್ನಾಗಿತ್ತು. ಬಿಸಿಲು ಚೆನ್ನಾಗಿದ್ದರೆ ನಮ್ಮೂರ ಹೆಂಗಸರು ಸರ್ಕಾರ ಬರುತ್ತದೆಂದು ಕೆಲಸ ಬಿಡುವವರಲ್ಲ. ಬಂಡೆಯ ತುಂಬ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ಮಿಕ್ಕ ಜಾಗದಲ್ಲಿ ಹುರುಳಿ ಹರವಿತ್ತು. ದೊಣೆಯ ಸುತ್ತ ಕುರಿಗಳು ನೀರು ಕುಡಿಯುತ್ತಿದ್ದವು. ಮೇಡಂ ಚಪ್ಪಲಿ ಬಿಟ್ಟು, ಕಾಲಿಡಲು ಜಾಗ ಹುಡುಕುತ್ತ ನಿಂತರು. ಸಫಾರಿಯವನು ಹುಡುಕದೆ ಕಾಲಿಟ್ಟ.

“ಏಯ್, ಕಾಲು!” ಎಂದು ಮೂವತ್ತು ಹೆಂಗಸರು ಒಟ್ಟಿಗೆ ಕೂಗಿದರು. ಅವನು ಒಂದೇ ಕಾಲಿನಲ್ಲಿ ನಿಂತ.

“ಯಾರೂ ಯಾವುದೇ ರೀತಿಯಲ್ಲಿ ಉಪಯೋಗಿಸುತ್ತಿಲ್ಲ ಅಂತ ಬರೆದಿದೆ,” ಎಂದು ಮೇಡಂ ಮಹಜರನ್ನು ತೆಗೆದು ಸಫಾರಿಯವನ ಕಡೆ ನೋಡಿದರು.

“ಇವತ್ತು ಮಾತ್ರ ಹೀಗಿದೆ ಮೇಡಂ. ಕಾನೂನು ಪ್ರಕಾರ ಎಲ್ಲ ಸರಿಯಾಗಿದೆ. ಊರಿನವರದೇ ರುಜು ಇದೆ. ಓದು ಬಲ್ಲವರದು,” ಎಂದ ಅವನು, ಇನ್ನೂ ಒಂದೇ ಕಾಲಿನಲ್ಲಿ.

“ಒಂದನೇ ಪಂಚರು ಯಾರು?”

ತಮ್ಮಯ್ಯ ಮುಂದೆ ಬಂದ. ಹಿಂದಿನಿಂದ ಚಲುವರಾಜು ಕಣ್ಣಿಗೆ ಕೈ ಅಡ್ಡ ಹಿಡಿದು ತೋರಿಸಿದ, ಓದು ಬರಾಕಿಲ್ಲ ಅನ್ನಿ ಎಂದು. ತಮ್ಮಯ್ಯ ಒಂದು ಸಲ ಬೆಟ್ಟಮ್ಮನ ಕಡೆ ನೋಡಿದ. ಅವಳು ಸಂಡಿಗೆಯ ಕಡೆ ನೋಡುತ್ತಿದ್ದಳು.

“ನಾನೇ ಅಮ್ಮಾವ್ರೇ. ಓದಾಕೆ ಬತ್ತದೆ,” ಎಂದ. ಚಲುವರಾಜು ಹಣೆ ಚಚ್ಚಿಕೊಂಡದ್ದು ಎಲ್ಲರಿಗೂ ಕೇಳಿಸಿತು. “ಏಳ್ನೇ ಕ್ಲಾಸು ಎಲ್ಡು ವರ್ಸ ಓದಿವ್ನಿ. ಆದ್ರೂ ಓದ್ಲಿಲ್ಲ. ಜಾಗ ಜಾಸ್ತಿ ಬುಟ್ಟಿದ್ರು, ಆಸೆ ಆಯ್ತು. ಬಂಡೆ ತಾವ್ಕೆ ಯಾರೂ ಕರ್ಕೊಂಡ್ ಬರ್ಲಿಲ್ಲ. ಸೋಮಮ್ಮನ್ ಬೆಂಚಲ್ಲಿ ಕೂತು ವಡೆ ತಿಂತಾ ಆಕ್ದೆ. ತಪ್ಪು ನಂದು. ಶಿಕ್ಸೆ ಕೊಡೋದಾದ್ರೆ ನಂಗೆ ಕೊಡಿ, ಬಂಡೆ ಇವ್ರಿಗೆ ಬುಡಿ.”

ಮೇಡಂ ಕಾಗದವನ್ನು ಹತ್ತಿರ ಹಿಡಿದರು. “ಎರಡನೆಯದು ಯಾರದು? ಓದಲಿಕ್ಕೆ ಆಗುತ್ತಿಲ್ಲವಲ್ಲ.”

ಸಫಾರಿಯವನಿಗೂ ನೆನಪಿರಲಿಲ್ಲ. ತಮ್ಮಯ್ಯ ಆಕಾಶ ನೋಡಿದ. ಅವನು ಹೇಳುವವನಲ್ಲ ಎಂದು ನನಗೆ ಗೊತ್ತಿತ್ತು. ಅದೇ ನನ್ನಿಂದ ಸಹಿಸಲಾಗಲಿಲ್ಲ. “ನನ್ನದು,” ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

“ಅದ್ಕೇ ಅವತ್ತು ಓದಾಕಾಗ್ಲಿಲ್ಲ ಅಂದ್ರಾ ಮೇಷ್ಟ್ರೇ!” ಎಂದಳು ಸೋಮಮ್ಮ. ನರಸಯ್ಯ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಮೇಡಂ ಕೂತುಕೊಳ್ಳಲು ನರಸಯ್ಯ ಒಂದು ಒರಳನ್ನು ಬೋರಲು ಹಾಕಿಕೊಟ್ಟ. ಅದರ ಮೇಲೆ ಕೂತು ಅವರು ಹೇಳಿದರು: “ಈ ಬಂಡೆ ಸರ್ಕಾರದ್ದು, ನಿಜ. ಆದರೆ ಊರಿನವರೆಲ್ಲ ಸೇರಿ ಬಳಸುವ ಜಾಗವನ್ನು ಅವರನ್ನು ಕೇಳದೆ ಒಬ್ಬರಿಗೆ ಕೊಡಲಿಕ್ಕೆ ಬರುವುದಿಲ್ಲ. ಮಹಜರು ಜಾಗದಲ್ಲೇ ಆಗಬೇಕು, ಓದಿ ಹೇಳಬೇಕು. ಹೋಟೆಲಿನಲ್ಲಿ ಆದದ್ದು ಮಹಜರಲ್ಲ. ಇದನ್ನು ಬಿಟ್ಟುಬಿಡಿ. ಈಗ ಒಬ್ಬೊಬ್ಬರೂ ಹೇಳಿಕೆ ಕೊಡಿ, ಈ ಬಂಡೆಯಿಂದ ನಿಮಗೇನು ಆಗುತ್ತದೆ ಅಂತ. ಅದನ್ನೇ ನನ್ನ ವರದಿಯ ಜೊತೆ ಮೇಲಕ್ಕೆ ಕಳಿಸುತ್ತೇನೆ. ಅದರಲ್ಲಿ ಇರುವುದೇ ಕೊನೆ.”

ಗುಮಾಸ್ತ ಅಚ್ಚು ಹಾಕಿದ ಫಾರಂಗಳ ಕಟ್ಟು ತೆಗೆದ. ಮೇಲೆ ಹೆಸರು, ನಡುವೆ ಖಾಲಿ, ಕೆಳಗೆ ಅಚ್ಚಿನ ಎರಡು ಸಾಲು. ಒಬ್ಬೊಬ್ಬರು ಹೇಳಿದ್ದನ್ನು ಖಾಲಿ ಜಾಗದಲ್ಲಿ ಬರೆದು, ಬರೆದದ್ದನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡ. ಬೆಟ್ಟಮ್ಮ ಒತ್ತಿದಳು, ನರಸಯ್ಯ ಒತ್ತಿದ, ಸಿದ್ದಲಿಂಗಮ್ಮ ಸೊಸೆಯ ಮೇಲಿನ ದೂರನ್ನೂ ಅದರಲ್ಲೇ ಬರೆಯಿಸಲು ನೋಡಿ, ಆಗದೆ, ಒತ್ತಿದಳು. ನಾನು ಪಶ್ಚಾತ್ತಾಪದಿಂದ ಬೆವರುತ್ತ ಬಂಡೆಯ ಪರವಾಗಿ ಬಹಳ ಒಳ್ಳೆಯ ಹೇಳಿಕೆ ಕೊಟ್ಟು ರುಜು ಹಾಕಿದೆ. ಒಟ್ಟು ನಲವತ್ತೊಂದು ಜನರಾದರು. ಎಲ್ಲರಿಗಿಂತ ಕೊನೆಗೆ ತಮ್ಮಯ್ಯನನ್ನು ಕರೆದರು.

ಅವನು ಪೆನ್ನು ತೆಗೆದ. ಆದರೆ ರುಜು ಹಾಕಲಿಲ್ಲ. ಕಾಗದವನ್ನು ಎತ್ತಿ ಮೇಲಿನ ಸಾಲಿನಿಂದ ಓದತೊಡಗಿದ. ತುಟಿ ಆಡುತ್ತಿತ್ತು, ಬೆರಳು ಅಕ್ಷರದ ಮೇಲೆ ಸರಿಯುತ್ತಿತ್ತು. ಬಿಸಿಲು ನೆತ್ತಿಗೇರಿತ್ತು.

“ಆಕ್ಲಾ ಬಿರ್‍ನೆ, ಕಾಲ್ ಸುಡ್ತದೆ!” ಎಂದ ಚಿಕ್ಕಸ್ವಾಮಿ.

“ತಡಿಯಣ್ಣ,” ಎಂದು ತಮ್ಮಯ್ಯ ಎರಡನೇ ಸಾಲಿಗೆ ಇಳಿದ. ಗುಮಾಸ್ತ ಗಡಿಯಾರ ನೋಡಿಕೊಂಡ. ಸಫಾರಿಯವನು ಜೀಪಿನ ನೆರಳಿಗೆ ಹೋದ. ಓದಿ ಓದಿ, ಕೈಬರಹ ಮುಗಿದು ಅಚ್ಚಿನ ಸಾಲಿಗೆ ಬಂದಾಗ ತಮ್ಮಯ್ಯನ ಬೆರಳು ನಿಂತಿತು.

“ಅಮ್ಮಾವ್ರೇ, ಕೆಳಗೆ ‘ಸದರಿ ಜಮೀನನ್ನು ಗುತ್ತಿಗೆಗೆ ನೀಡಲು ನನ್ನ ಆಕ್ಷೇಪಣೆ ಇರುವುದಿಲ್ಲ’ ಅಂತ ಐತಲ್ಲ? ನಂದು ಐತಲ್ಲ ಆಕ್ಷೇಪಣೆ?”

ಮೇಡಂ ಕಾಗದ ಕಸಿದುಕೊಂಡು ನೋಡಿದರು. ಗುಮಾಸ್ತನ ಮುಖ ಬೆಳ್ಳಗಾಯಿತು. “ಮೇಡಂ, ಬೇರೆ ಕಟ್ಟು ತರಬೇಕಾಗಿತ್ತು. ಬೆಳಿಗ್ಗೆ ಅವಸರದಲ್ಲಿ ಬೀರುವಿನಿಂದ ಇದನ್ನು ಎತ್ತಿಕೊಂಡು ಬಂದುಬಿಟ್ಟೆ. ಬರೆದದ್ದನ್ನು ಓದಿ ಹೇಳಿದೆ, ಅಚ್ಚಿನದನ್ನು ನಾನೂ ನೋಡಲಿಲ್ಲ.” ಅವನು ಹೇಳಿದ್ದು ನಿಜವೇ. ಮೋಸ ಮಾಡುವವನ ಮುಖ ಅಷ್ಟು ಬೆಳ್ಳಗಾಗುವುದಿಲ್ಲ.

ಮಿಕ್ಕ ನಲವತ್ತೊಂದನ್ನೂ ತಿರುವಿ ನೋಡಿದರು. ಎಲ್ಲದರಲ್ಲೂ ಅದೇ ಸಾಲು. ಸಂಡಿಗೆ ನಮ್ಮ ಜೀವನ ಎಂದು ಮೇಲೆ, ಆಕ್ಷೇಪಣೆ ಇಲ್ಲ ಎಂದು ಕೆಳಗೆ, ಅದರ ಕೆಳಗೆ ಬೆಟ್ಟಮ್ಮನ ಹೆಬ್ಬೆಟ್ಟು. ಅವು ಹಾಗೆಯೇ ಮೇಲಕ್ಕೆ ಹೋಗಿದ್ದರೆ ಬಂಡೆ ಹೋದಂತೆಯೇ. ಓದು ಬಾರದವರಿಗಾದರೆ ಓದಿ ಹೇಳಿದವನು ತಪ್ಪಿದ. ಅವುಗಳ ನಡುವೆ ಓದು ಬಲ್ಲವರೊಬ್ಬರ ರುಜುವೂ ಇತ್ತು, ಯಾರಿಗೂ ಓದಲು ಬಾರದಂಥ ಅಕ್ಷರದಲ್ಲಿ.

ಆ ಸಾಲನ್ನು ಎಲ್ಲದರಲ್ಲೂ ಹೊಡೆದು ಹಾಕಿ, ‘ಆಕ್ಷೇಪಣೆ ಇರುತ್ತದೆ’ ಎಂದು ಬರೆದು, ಮತ್ತೊಮ್ಮೆ ಹೆಬ್ಬೆಟ್ಟು ಒತ್ತಿಸಬೇಕೆಂದು ಮೇಡಂ ಹೇಳಿದರು. ಮಳೆ ಹಿಡಿಯುವ ಮುಂಚೆ ಗುತ್ತಿಗೆ ಅರ್ಜಿ ವಜಾ ಆಯಿತು, ಬಂಡೆಯನ್ನು ಊರಿನ ಸಾಮೂಹಿಕ ಬಳಕೆಯ ಜಾಗ ಎಂದು ಬರೆದುಕೊಂಡರು, ನರಸಯ್ಯ ಇವತ್ತಿಗೂ ಅಲ್ಲೇ ಕೂತು ಒರಳು ಕೆತ್ತುತ್ತಾನೆ. ಇದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ನನಗೆ ಹೇಳಬೇಕಾಗಿರುವುದು ಅದಲ್ಲ.

ಈ ಸಲ ಗುಮಾಸ್ತ ಓದಿದ್ದನ್ನು ಯಾರೂ ಒಪ್ಪಲಿಲ್ಲ. ಬೆಟ್ಟಮ್ಮ ತನ್ನ ಕಾಗದವನ್ನು ತೆಗೆದುಕೊಂಡು ಹೋಗಿ ಗಂಡನ ಮುಂದೆ ಹಿಡಿದಳು. ಹದಿನೈದು ದಿನಗಳಿಂದ ಎಮ್ಮೆಯ ಜೊತೆ ಮಾತ್ರ ಮಾತಾಡಿದ್ದವಳು, “ಓದಿ,” ಎಂದಳು. ತಮ್ಮಯ್ಯ ಕಣ್ಣು ಒರೆಸಿಕೊಂಡು ಓದಿದ. “ಜೋರಾಗ್ ಓದಿ. ಎಲ್ಲಾರ್ಗೂ ಕೇಳ್ಲಿ,” ಎಂದಳು. ಅವನು ಬಂಡೆಯ ಮೇಲೆ ನಿಂತು ಅಚ್ಚು, ಕೈಬರಹ, ಸರ್ವೆ ನಂಬರು, ತಾರೀಖು, ಒಂದೂ ಬಿಡದೆ ಓದಿದ. ಅವಳು ಒತ್ತಿದಳು. ಅವಳ ಹಿಂದೆ ಸಾಲು ನಿಂತಿತು. ಮಧ್ಯಾಹ್ನ ಇಳಿಯುವವರೆಗೂ ಒಬ್ಬೊಬ್ಬರದನ್ನೂ ಓದಿದ. ದನಿ ಬಿದ್ದುಹೋಯಿತು, ಸೋಮಮ್ಮ ಎರಡು ಸಲ ಮಜ್ಜಿಗೆ ತಂದುಕೊಟ್ಟಳು.

ಸಾಲಿನ ಕೊನೆಯಲ್ಲಿ ನಾನು ನಿಂತಿದ್ದೆ.

“ನಿಮ್ದು ನೀವೇ ಓದ್ಕೊಬೋದಲ್ಲ ಮೇಷ್ಟ್ರೇ?” ಎಂದ ತಮ್ಮಯ್ಯ.

“ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ,” ಎಂದೆ.

ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ತಮ್ಮಯ್ಯ ಅದನ್ನು ನೋಡಿದ. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಒಣಗಿದ ಗಂಟಲಿನಲ್ಲಿ, ಮೇಲಿನ ಸಾಲಿನಿಂದ ಓದತೊಡಗಿದ.